ಅರವತ್ತನಾಲ್ಕನೇ ಪುಟದ ನಂತರ

ಡಬ್ಬದ ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ‘ರಿಯಾಕ್ಟಿವ್ ರೆಡ್’ ಎಂದು ಬಟ್ಟೆಯ ಬಣ್ಣವೊಂದರ ಹೆಸರಿದೆ. ಒಳಗಿರುವುದು ನನ್ನ ಪುಸ್ತಕ. ಹುಬ್ಬಳ್ಳಿಗೆ ವರ್ಗವಾಗಿ ಬಂದು ಎರಡು ವರ್ಷವಾದರೂ ಅದರ ಬಾಯಿ ಬಿಚ್ಚಿದರೆ ಅಹಮದಾಬಾದಿನ ವಟ್ವಾದ ವಾಸನೆಯೇ ಬರುತ್ತದೆ. ಮೊದಲು ಬಣ್ಣದ ಕಾರ್ಖಾನೆಗಳ ಘಾಟು, ಅದರ ಹಿಂದೆ ಬೈಂಡಿಂಗಿನ ಅಂಟು. ಕಳೆದ ವಾರ ನಮ್ಮ ಆಫೀಸಿಗೆ ಹೊಸದಾಗಿ ಬಂದ ಶ್ವೇತಾ, ಕವಿತೆ ಬರೆಯುವವಳು, “ಮೇಡಂ, ಪುಸ್ತಕ ಮಾಡ್ಸೂದು ಹೆಂಗ್ರಿ? ಯಾರನ್ನ ಹಿಡೀಬೇಕು?” ಎಂದು ಕೇಳಿದಳು. ಡಬ್ಬದಿಂದ ಒಂದು ಪ್ರತಿ ತೆಗೆದುಕೊಟ್ಟೆ. ಎರಡು ದಿನ ಬಿಟ್ಟು ಬಂದು “ಸೂಪರ್ ಐತ್ರಿ ಮೇಡಂ, ಒಂದ ದಿನದಾಗ ಮುಗಿಸಿದೆ” ಎಂದಳು. ಒಳ್ಳೆಯ ಹುಡುಗಿ. ಆದರೆ ಅವಳು ಅರವತ್ತನಾಲ್ಕನೇ ಪುಟ ದಾಟಿಲ್ಲವೆಂದು ನನಗೆ ಆಗಲೇ ಗೊತ್ತಾಯಿತು. ಅದು ಹೇಗೆಂದು ಹೇಳಲು ಹೋದರೆ ಅಹಮದಾಬಾದಿನ ಆ ವರ್ಷಗಳನ್ನೆಲ್ಲ ಹೇಳಬೇಕಾಗುತ್ತದೆ.

ನಾನು ವಿಮಾ ಕಂಪನಿಯೊಂದರಲ್ಲಿ ಬೆಂಕಿ ವಿಭಾಗದವಳು. ಅಂಗಡಿ ಸುಟ್ಟರೆ, ಗೋದಾಮು ಸುಟ್ಟರೆ, ಹೊಗೆ ಆರುವ ಮೊದಲೇ ಹೋಗಿ ನಿಂತು ಏನು ಉಳಿಯಿತೆಂದು ಪಟ್ಟಿ ಮಾಡುವುದು ನನ್ನ ಕೆಲಸ. ಐವತ್ತೆರಡನೇ ವಯಸ್ಸಿನಲ್ಲಿ ಬಡ್ತಿ ಕೊಟ್ಟು ಗದಗಿನಿಂದ ಎತ್ತಿ ಅಹಮದಾಬಾದಿಗೆ ಒಗೆದರು. ಮದುವೆಯಾಗಿರಲಿಲ್ಲ, ಮಕ್ಕಳ ಶಾಲೆಯ ನೆಪ ಹೇಳುವಂತಿರಲಿಲ್ಲ. ಊರಂಚಿನ ಬೋಪಾಲ್ ಬಡಾವಣೆಯಲ್ಲಿ ಒಂಬತ್ತನೇ ಮಹಡಿಯ ಒಂದು ಮನೆ ಹಿಡಿದು, ನವರಂಗಪುರದ ಆಫೀಸಿಗೆ ಸ್ಕೂಟರಿನಲ್ಲಿ ಓಡಾಡಿದೆ. ಎದುರು ಮನೆಯವರು ಒಳ್ಳೆಯವರೇ. ಲಿಫ್ಟಿನಲ್ಲಿ ಹೇಗಿದ್ದೀರಿ ಎಂದು “ಕೇಮ್ ಛೋ” ಎನ್ನುತ್ತಿದ್ದರು, ಚೆನ್ನಾಗಿದ್ದೇನೆ ಎಂದು ನಾನು “ಮಜಾ ಮಾ” ಎನ್ನುತ್ತಿದ್ದೆ, ಅಷ್ಟರಲ್ಲಿ ನೆಲಮಹಡಿ ಬರುತ್ತಿತ್ತು. ಶನಿವಾರ ಸಂಜೆ ಆಫೀಸು ಬಿಟ್ಟರೆ ಸೋಮವಾರ ಬೆಳಿಗ್ಗೆ ವಾಚ್‌ಮನ್‌ಗೆ ನಮಸ್ತೆ ಹೇಳುವ ತನಕ ನನ್ನ ಗಂಟಲಿಗೆ ಕೆಲಸವಿರುತ್ತಿರಲಿಲ್ಲ. ಕುಕ್ಕರಿನ ಸೀಟಿ ಎಣಿಸುವಾಗ ಬೇಕೆಂದೇ ಜೋರಾಗಿ ಒಂದು, ಎರಡು, ಮೂರು ಎನ್ನುತ್ತಿದ್ದೆ, ಮನೆಯಲ್ಲಿ ಕನ್ನಡ ಕೇಳಲಿ ಎಂದು.

ಆ ಊರಿನಲ್ಲಿ ನನ್ನನ್ನು ಇನ್ನಷ್ಟು ಒಂಟಿಯಾಗಿಸಿದ್ದು ಚಹಾ. ಅಲ್ಲಿ ಯಾರ ಬಾಗಿಲಿಗೆ ಹೋದರೂ ಮೊದಲು ಚಹಾ ಬರುತ್ತದೆ. ಬೇಡವೆಂದರೆ “ಅಡಧೀ” ಎನ್ನುತ್ತಾರೆ, ಅರ್ಧ ಕಪ್ಪಾದರೂ ತೆಗೆದುಕೊಳ್ಳಿ ಎಂದು. ಅದನ್ನೂ ಬೇಡವೆಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ನಾನು ಹದಿನೆಂಟನೇ ವಯಸ್ಸಿನಿಂದ ಚಹಾ ಮುಟ್ಟಿಲ್ಲ. ಆಫೀಸಿನವರು ಮೊದಲು ಡಯಾಬಿಟಿಸ್ ಎಂದುಕೊಂಡರು, ಆಮೇಲೆ ಸೊಕ್ಕು ಎಂದುಕೊಂಡರು. ನಾನು ತಿದ್ದಲು ಹೋಗಲಿಲ್ಲ.

ಮೂವತ್ತು ವರ್ಷಗಳಿಂದ, ಸುಟ್ಟ ಜಾಗಗಳ ಮುಂದೆ ನಿಂತ ಜನರ ಬಗ್ಗೆ ಆಗಾಗ ಬರೆದಿಟ್ಟಿದ್ದೆ. ಸುಟ್ಟ ಕಿರಾಣಿ ಅಂಗಡಿಯಲ್ಲಿ ತಕ್ಕಡಿ ಮಾತ್ರ ಹುಡುಕಿದ ಮುದುಕ, ಹತ್ತಿ ಗಿರಣಿಯ ಬೂದಿಯ ಮೇಲೆ ಕೂತು ಊಟದ ಡಬ್ಬಿ ಬಿಚ್ಚಿದ ಹಮಾಲರು, ಇಂಥವೇ ಹನ್ನೊಂದು. ಬೋಪಾಲಿನ ಮೊದಲ ಮಳೆಗಾಲದಲ್ಲಿ ಹನ್ನೆರಡನೆಯದನ್ನು ಬರೆದೆ. ಅದಕ್ಕೆ ‘ಅಡಿಗೆಮನೆ’ ಎಂದು ಹೆಸರಿಟ್ಟೆ. ಅದು ಯಾವ ವಿಮೆಯ ಕಾಗದದಲ್ಲೂ ಇಲ್ಲದ ಬೆಂಕಿ. ಗದಗಿನ ನಮ್ಮ ಮನೆಯಲ್ಲಿ, ಒಂದು ಮಧ್ಯಾಹ್ನ, ನನ್ನ ಅಕ್ಕ ಸುಧಾ ಸ್ಟೋವ್ ಸಿಡಿದು ಸತ್ತಳು. ಅಪ್ಪ ಅವ್ವ ಮದುವೆಗೆ ಹೋಗಿದ್ದರು, ಅಣ್ಣ ಅಂಗಡಿಯಲ್ಲಿದ್ದ. ನಾನು ಪಡಸಾಲೆಯಲ್ಲಿ ಪಿಯುಸಿ ಪರೀಕ್ಷೆಗೆ ಓದುತ್ತ ಕೂತಿದ್ದೆ. ಓದುತ್ತ ಕೂತವಳು “ಅಕ್ಕಾ, ಚಹಾ ಮಾಡ” ಎಂದು ಕೂಗಿದ್ದೆ.

ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆ ಹೊತ್ತಿನಲ್ಲಿ ಅವಳು ಅಡಿಗೆಮನೆಗೆ ಯಾಕೆ ಹೋದಳೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಅಪ್ಪ ಅವ್ವ ಗೊತ್ತಿಲ್ಲದೇ ತೀರಿಹೋದರು. ಆ ಹನ್ನೆರಡನೆಯ ಬರಹದಲ್ಲಿ ಕೂಗಿದ್ದನ್ನು ಬರೆದೆ. ಕೊನೆಗೆ, ಕಸುಬಿನ ಚಾಳಿ, ಉಳಿದದ್ದರ ಪಟ್ಟಿಯನ್ನೂ ಬರೆದೆ: ಗೋಡೆ ಗಡಿಯಾರ, ಹಿತ್ತಾಳೆ ಕೊಡ, ಕಟ್ಟೆಯ ಮೇಲಿನ ಎರಡು ಕಪ್ಪು, ಅವಳ ಒಂದು ಚಪ್ಪಲಿ. ಬರೆದು ಮುಗಿಸಿದ ಮೇಲೆ ಅದನ್ನು ಯಾರಾದರೂ ಓದಲೇಬೇಕೆನಿಸಿತು. ಉಳಿದ ಹನ್ನೊಂದು ಅದನ್ನು ಕೈಹಿಡಿದು ಕರೆದುಕೊಂಡು ಬರಲಿ ಎಂದೇ ಪುಸ್ತಕ ಮಾಡುವ ಯೋಚನೆ ಬಂತು. ಹೆಸರು ‘ಸುಟ್ಟು ಉಳಿದದ್ದು’.

ಪುಸ್ತಕ ಮಾಡಲು ಎಷ್ಟು ದಾರಿಗಳಿವೆ ಎಂದು ನನಗೆ ಆಗ ತಿಳಿಯಿತು, ಒಂದೊಂದರ ಬಾಗಿಲು ಮುಚ್ಚಿದ ಮೇಲೆ. ಮೊದಲು ಬೆಂಗಳೂರಿನ ಒಬ್ಬ ದೊಡ್ಡ ಪ್ರಕಾಶಕರಿಗೆ ಕಳಿಸಿದೆ. ನಾಲ್ಕು ತಿಂಗಳು ಬಿಟ್ಟು ವಾಟ್ಸಾಪಿನಲ್ಲಿ ಎರಡು ಸಾಲು ಬಂತು, ಬಿಡಿ ಬರಹ ಹೋಗುವುದಿಲ್ಲ, ಕಾದಂಬರಿ ಇದ್ದರೆ ನೋಡೋಣ. ಹಸ್ತಪ್ರತಿ ಸ್ಪರ್ಧೆಯೊಂದಕ್ಕೆ ಮೂರು ಪ್ರತಿ ಜೆರಾಕ್ಸ್ ಮಾಡಿಸಿ, ಎಲ್ಲಿಯೂ ಅಚ್ಚಾಗಿಲ್ಲ ಎಂದು ರುಜು ಹಾಕಿ ಕಳಿಸಿದೆ. ಫಲಿತಾಂಶ ಪೇಪರಿನಲ್ಲಿ ಓದಿದೆ, ಗೆದ್ದವರು ಬೇರೆಯವರು. ಕಂಪ್ಯೂಟರಿನಲ್ಲಿ ನಾವೇ ಏರಿಸುವ, ಯಾರಾದರೂ ಕೇಳಿದಾಗ ಒಂದೊಂದೇ ಪ್ರತಿ ಅಚ್ಚು ಹಾಕುವ ತಾಣವೊಂದನ್ನೂ ನೋಡಿದೆ. ನನ್ನ ಹಳೆಯ ಫಾಂಟು ಅಲ್ಲಿ ಹೋಗಿ ಬೀಳುತ್ತಲೇ ಒತ್ತಕ್ಷರಗಳೆಲ್ಲ ಕಳಚಿ ಪಕ್ಕಕ್ಕೆ ನಿಂತವು. ನಮ್ಮ ಸರ್ವೆಯಲ್ಲಿ ಅಂಥದ್ದಕ್ಕೆ ‘ಪೂರ್ಣ ನಷ್ಟ’ ಎಂದು ಬರೆಯುತ್ತೇವೆ.

ನಾಲ್ಕನೆಯವರು ಮಾತ್ರ ನನ್ನನ್ನು ನಿಜವಾಗಿ ಕಾಡಿದರು. ಧಾರವಾಡದ ಕಡೆಯ ಒಬ್ಬ ಪ್ರಕಾಶಕರು ಫೋನು ಮಾಡಿ ಅರ್ಧ ತಾಸು ಮಾತಾಡಿದರು. ಪುಸ್ತಕ ಓದಿದ್ದರು, ಅಷ್ಟಂತೂ ಹೌದು.

“ಬಾಯಾರ, ಹನ್ನೊಂದೂ ಭಾಳ ಛಲೋ ಅದಾವ. ನಮ್ಮ ಹೆಸರಿನ್ಯಾಗ ತರೂಣು, ಲೈಬ್ರರಿಗೂ ಹಾಕೂಣು. ಆದ್ರ ಆ ಅಡಿಗಿಮನಿದು ಒಂದು ತಗದ ಬಿಡ್ರಿ.”

“ಯಾಕ್ರಿ?”

“ಉಳದದ್ದೆಲ್ಲಾ ಮಂದೀದು. ಅದೊಂದು ನಿಮ್ಮ ಮನೀದು. ಪುಸ್ತಕದ ಓಟಕ್ಕ ಅಡ್ಡ ಬರ್ತದ ನೋಡ್ರಿ.”

ಒಂದು ವಾರ ಯೋಚಿಸಿದೆ. ಆ ಒಂದನ್ನು ತೆಗೆದರೆ ನಾನು ಸರಿಯಾದ ಲೇಖಕಿ, ಇಟ್ಟರೆ ಸ್ವಂತ ಖರ್ಚಿನವಳು. ಕೊನೆಗೆ ಅವರಿಗೆ ಆಗುವುದಿಲ್ಲ ಎಂದು ಹೇಳಿದೆ. ಹೇಳಿ ಫೋನು ಇಟ್ಟಾಗ ಹೆಮ್ಮೆಯೇನೂ ಆಗಲಿಲ್ಲ.

ಹಾಗಾಗಿ ವಟ್ವಾ. ಅಲ್ಲಿನ ಬಣ್ಣದ ಕಾರ್ಖಾನೆಗಳಿಗೆ ತಪಾಸಣೆಗೆ ಹೋಗುವಾಗ ಹಿಂದಿನ ಗಲ್ಲಿಯಲ್ಲಿ ಒಂದು ಸಣ್ಣ ಪ್ರೆಸ್ಸು ಕಂಡಿದ್ದೆ. ಬಣ್ಣದ ಡಬ್ಬಗಳಿಗೆ ಅಂಟಿಸುವ ಲೇಬಲ್ಲು ಅವರ ದಿನದ ಕೆಲಸ, ನಡುವೆ ಶಾಲೆಯ ನೋಟುಪುಸ್ತಕ. ಅವರ ವಿಮೆ ನಮ್ಮ ಕಂಪನಿಯದಲ್ಲ ಎಂದು ಮೊದಲೇ ಖಾತ್ರಿ ಮಾಡಿಕೊಂಡೆ. ಬೈಂಡಿಂಗಿನ ರಮಣಿಕಭಾಯಿ ಎಂಬವರು ಪ್ರೆಸ್ಸಿನ ಹಿತ್ತಿಲಲ್ಲೇ ಕೂರುತ್ತಿದ್ದರು, ಅರವತ್ತು ದಾಟಿದ, ಬೆರಳ ಸಂದಿಯಲ್ಲೆಲ್ಲ ಅಂಟು ಒಣಗಿದ ಮನುಷ್ಯ. ಹದಿನಾರು ಪುಟದ ಒಂದೊಂದು ಫಾರಂ ಮಡಚಿ, ಸಾಲಾಗಿ ಜೋಡಿಸಿ, ದಾರದಲ್ಲಿ ಹೊಲಿಯುವುದು ಅವರ ರೀತಿ. ಅವರು ಕೇಳಿಕೊಂಡದ್ದು ಒಂದೇ, ಪುಟದ ನಂಬರು ಇಂಗ್ಲಿಷಿನಲ್ಲಿ ಹಾಕಿ ಎಂದು. ನಾನು ಕೇಳಲಿಲ್ಲ. ಕನ್ನಡ ಪುಸ್ತಕಕ್ಕೆ ಕನ್ನಡದ ಅಂಕಿಯೇ ಇರಬೇಕೆಂದು ಹಟ ಹಿಡಿದೆ. ಫಾರಂಗಳ ಸಾಲು ಒಂದು ಚೀಟಿಯಲ್ಲಿ ಬರೆದು ಅವರ ಮೇಜಿನ ಮೇಲೆ ಅಂಟಿಸಿ ಬಂದೆ.

ಮರುವರ್ಷದ ದೀಪಾವಳಿ ಹತ್ತಿರ ಬಂತು. ಅಲ್ಲಿ ದೀಪಾವಳಿಗೆ ಬಾಗಿಲು ಹಾಕಿದರೆ ಐದು ದಿನ ಬಿಟ್ಟು ಲಾಭಪಂಚಮಿಗೇ ತೆಗೆಯುವುದು. ಸೂರತ್ತಿನ ಕನ್ನಡ ಸಂಘದವರು ನವೆಂಬರ್ ಕಾರ್ಯಕ್ರಮದಲ್ಲಿ ಪುಸ್ತಕ ಬಿಡುಗಡೆ ಮಾಡುತ್ತೇವೆಂದು ಒಪ್ಪಿದ್ದರು. ರಮಣಿಕಭಾಯಿ ಮೊದಲ ಪ್ರತಿ ಕಟ್ಟಿ ಫೋನು ಮಾಡಿದಾಗ ಆಫೀಸಿನಿಂದ ಅರ್ಧ ದಿನ ರಜೆ ಹಾಕಿ ಓಡಿದೆ. ಅವರು ಚಹಾ ತರಿಸಿದರು, ನಾನು ಬೇಡವೆಂದೆ.

“ಬೆನ್, ಬೈಠೋ. ಏಕ್ ಏಕ್ ಪನ್ನಾ ದೇಖ್ ಲೋ. ಫಿರ್ ಸಬ್ ಐಸಾ ಹೀ ಬನೇಗಾ.”

ಕೂತು ಒಂದೊಂದೇ ಹಾಳೆ ನೋಡಿ, ಉಳಿದವೂ ಹೀಗೇ ಆಗುತ್ತವೆ ಎಂದರು. ನಾನು ಕೂರಲಿಲ್ಲ. ಮುಖಪುಟ ಸವರಿದೆ, ನನ್ನ ಹೆಸರು ನೋಡಿದೆ, ಅರ್ಪಣೆಯ ಪುಟದಲ್ಲಿ ಅಕ್ಕನ ಹೆಸರು ನೋಡಿದೆ, ಬೆನ್ನುಪುಟ ನೋಡಿದೆ, ಮೂಸಿದೆ. ಕಣ್ಣು ತುಂಬಿಬಂದು ಉಳಿದದ್ದು ಕಾಣಲೂ ಇಲ್ಲ. ಅವರ ಲೆಕ್ಕದ ಚೋಪಡಿಯಲ್ಲಿ ‘ಓಕೆ’ ಎಂದು ಬರೆದು ರುಜು ಹಾಕಿದೆ. ಜೀವಮಾನವೆಲ್ಲ ಮಂದಿಯ ಗೋದಾಮಿನಲ್ಲಿ ಮೂಲೆ ಮೂಲೆ ನೋಡದೆ ರುಜು ಹಾಕಿದವಳಲ್ಲ ನಾನು.

ಸೂರತ್ತಿನ ಸಮಾರಂಭ ಒಂದು ಶಾಲೆಯ ಹಾಲಿನಲ್ಲಿ ನಡೆಯಿತು. ಬ್ಯಾಂಕಿನವರು, ರೈಲ್ವೆಯವರು, ಸೀರೆ ವ್ಯಾಪಾರದವರು, ಅವರ ಹಿಂದಿ ಮಾತಾಡುವ ಮಕ್ಕಳು. ನಾಡಗೀತೆಯಾಯಿತು, ಮಕ್ಕಳ ಕುಣಿತವಾಯಿತು, ಬಣ್ಣದ ಕಾಗದ ಬಿಚ್ಚಿ ಪುಸ್ತಕ ಎತ್ತಿ ಹಿಡಿದು ಫೋಟೋ ಆಯಿತು. ಅಧ್ಯಕ್ಷರು ಪುಸ್ತಕದುದ್ದಕ್ಕೂ ಕನ್ನಡದ ಕಂಪು ಹರಡಿದೆ ಎಂದರು. ಸುಟ್ಟ ವಾಸನೆಯ ಪುಸ್ತಕದಲ್ಲಿ ಅವರಿಗೆ ಕಂಪು ಎಲ್ಲಿ ಸಿಕ್ಕಿತೋ. ಬಿಸಿಬೇಳೆಭಾತಿನ ಸಾಲಿನಲ್ಲಿ ನಿಂತಾಗ ಬರೋಡಾದಿಂದ ಬಸ್ಸು ಮಾಡಿಕೊಂಡು ಬಂದವರ ಪೈಕಿ ಒಬ್ಬ ಹೆಂಗಸು ಹತ್ತಿರ ಬಂದರು. ಅನಸವ್ವ ಎಂದು ಹೆಸರು, ಗಂಡ ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು, ಮೂಲ ಅಣ್ಣಿಗೇರಿ.

“ತಂಗಿ, ಇದನ್ನ ಓದಾಕ ಎಷ್ಟ ದಿವಸ ಬೇಕ?” ಎಂದರು.

“ಹಂಗೇನಿಲ್ಲ ಅಕ್ಕಾರ. ಎರಡು ಮೂರು ದಿವಸ.”

“ನಂಗ ಆಗಂಗಿಲ್ಲಬೇ. ನಾಲ್ಕನೇತ್ತಾ ಕಲ್ತಾಕಿ. ಕನ್ನಡ ಓದಿ ನಲವತ್ತ ವರ್ಷ ಆತು. ದಿನಾ ಒಂದೊಂದ ಹಾಳಿ ಓದ್ತೀನಿ, ನಡೀತದಿಲ್ಲೊ?”

ನಡೆಯುತ್ತದೆ ಎಂದೆ, ನಗುತ್ತ. ಅವರನ್ನು ಅಲ್ಲೇ ಮರೆತೆ.

ಮುನ್ನೂರು ಪ್ರತಿಯಲ್ಲಿ ನೂರಾ ಐವತ್ತರಷ್ಟು ಕೈ ಬಿಟ್ಟು ಹೋದವು. ಪೋಸ್ಟಿನಲ್ಲಿ ಹಳೆಯ ಸಹೋದ್ಯೋಗಿಗಳಿಗೆ, ಬಂಧುಗಳಿಗೆ, ಪತ್ರಿಕೆಗಳಿಗೆ ಕಳಿಸಿದೆ. ಮೊದಲ ಪ್ರತಿ ಗದಗಿನ ಅಣ್ಣನಿಗೆ. ವಾಟ್ಸಾಪಿನಲ್ಲಿ ಕೈಮುಗಿದ ಚಿತ್ರಗಳು, ಹೂಗುಚ್ಛಗಳು ಬಂದವು. ಒಬ್ಬರು ಒಂದು ಸಂಚಿಕೆಯಲ್ಲಿ ವಿಮರ್ಶೆ ಬರೆದರು, ಅದರಲ್ಲಿ ನನ್ನ ಮುನ್ನುಡಿಯ ಎರಡನೇ ಪ್ಯಾರಾ ಹಾಗೆಯೇ ಇತ್ತು. ಅಣ್ಣ ಫೋನು ಮಾಡಿದ. “ಪುಸ್ತಕ ಮುಟ್ಟಿತವಾ. ಕವರ್ ಛಲೋ ಬಂದೈತಿ,” ಎಂದ. ನಾನು ಇನ್ನೂ ಏನಾದರೂ ಹೇಳುತ್ತಾನೆಂದು ಫೋನು ಹಿಡಿದು ಕಾದೆ. ಗದಗಿನಲ್ಲಿ ಚಳಿ ಜಾಸ್ತಿ ಎಂದು ಹೇಳಿ ಇಟ್ಟ. ಓದಿಯೂ ಮಾತಾಡಲಿಲ್ಲವೋ, ಓದಲೇ ಇಲ್ಲವೋ ತಿಳಿಯದೆ ಒಂದು ತಿಂಗಳು ಒದ್ದಾಡಿದೆ. ಓದಿ ಸಿಟ್ಟಾಗಿದ್ದಾನೆ ಎಂದುಕೊಂಡ ದಿನ ಊಟ ಸೇರುತ್ತಿರಲಿಲ್ಲ.

ಉತ್ತರಾಯಣ ಬಂತು. ಅಹಮದಾಬಾದೆಲ್ಲ ತಾರಸಿ ಹತ್ತಿ ಗಾಳಿಪಟ ಹಾರಿಸುವ ದಿನ. ಎದುರು ಮನೆಯವರು ಡಬ್ಬಿಯಲ್ಲಿ ಹಬ್ಬದ ತರಕಾರಿ ಪಲ್ಯ ಊಂಧಿಯು ಕೊಟ್ಟು “ಮೇಲೆ ಬನ್ನಿ” ಎಂದು ಕರೆದರು. ಬರುತ್ತೇನೆಂದು ಹೇಳಿ ಹೋಗಲಿಲ್ಲ. ಮೇಲಿನಿಂದ ಕೂಗಾಟ ಕೇಳುತ್ತಿತ್ತು, ತುಂಡಾದ ಪಟಗಳು ನನ್ನ ಕಿಟಕಿಯ ಮುಂದೆ ತೇಲಿ ಇಳಿಯುತ್ತಿದ್ದವು. ಬಾಲ್ಕನಿಯಲ್ಲಿ ಕೂತು, ಅಕ್ಕನದನ್ನು ಅಚ್ಚಿನಲ್ಲಿ ಒಮ್ಮೆ ನಾನಾದರೂ ಓದೋಣ ಎಂದು ಪುಸ್ತಕ ತೆಗೆದೆ. ಪರಿವಿಡಿಯಲ್ಲಿ ‘ಅಡಿಗೆಮನೆ’ ಅರವತ್ತೈದನೇ ಪುಟ. ತೆಗೆದರೆ ಅರವತ್ತನಾಲ್ಕಾದ ಮೇಲೆ ತೊಂಬತ್ತೇಳು. ‘ಅಡಿಗೆಮನೆ’ ಇರಬೇಕಾದಲ್ಲಿ ಹತ್ತಿ ಗಿರಣಿಯ ಒಂದು ವಾಕ್ಯ ಅರ್ಧದಿಂದ ಶುರುವಾಗಿತ್ತು. ಅರವತ್ತೈದರ ಫಾರಂ ತೊಂಬತ್ತೇಳರ ಜಾಗದಲ್ಲಿ, ಅದು ಇದರ ಜಾಗದಲ್ಲಿ. ಡಬ್ಬದಲ್ಲಿದ್ದ ಪ್ರತಿಗಳನ್ನೆಲ್ಲ ತೆಗೆದು ನೋಡಿದೆ. ಎಲ್ಲವೂ ಹಾಗೇ. ರಮಣಿಕಭಾಯಿಯವರದು ತಪ್ಪಿಲ್ಲ. ಅವರಿಗೆ ಓದಲು ಬಾರದ, ೬ ಯಾವುದು ೯ ಯಾವುದು ತಿಳಿಯದ ಅಂಕಿ ಹಾಕಿಸಿದವಳು ನಾನು, ನೋಡು ಎಂದು ಅವರು ಕೊಟ್ಟಾಗ ನೋಡದೆ ರುಜು ಹಾಕಿದವಳೂ ನಾನೇ.

ಆದರೆ ನನ್ನನ್ನು ಕುಕ್ಕಿದ್ದು ಆ ತಪ್ಪಲ್ಲ. ನೂರೈವತ್ತು ಮನೆಗಳಿಗೆ ಹೋದ ಪುಸ್ತಕ, ಎರಡೂವರೆ ತಿಂಗಳು. ಪುಟ ತಪ್ಪಿದೆ ಎಂದು ಒಬ್ಬರೂ ಹೇಳಿರಲಿಲ್ಲ. ಎಂದರೆ ಅಲ್ಲಿಯವರೆಗೆ ಒಬ್ಬರೂ ಬಂದಿರಲಿಲ್ಲ. ಅಣ್ಣನೂ. ಅವನಿಗೆ ಸಿಟ್ಟು ಬಂದಿಲ್ಲ ಎಂದು ಸಮಾಧಾನವಾಗಬೇಕಿತ್ತು, ಬದಲಿಗೆ ಅತ್ತೆ. ಇಷ್ಟು ವರ್ಷ ಹೇಳದೆ ಇದ್ದದ್ದನ್ನು ಮುನ್ನೂರು ಸಲ ಅಚ್ಚು ಹಾಕಿಸಿದರೂ ಅದು ಹೇಳದೇ ಉಳಿದಿತ್ತು. ಅಷ್ಟು ಒಂಟಿಯೆಂದು ನನಗೆ ಅದುವರೆಗೆ ಅನಿಸಿರಲಿಲ್ಲ.

ತಪ್ಪೊಪ್ಪಿನ ಚೀಟಿ ಅಂಟಿಸಬಹುದಿತ್ತು, ವಾಟ್ಸಾಪ್ ಗ್ರೂಪಿನಲ್ಲಿ ಎರಡು ಸಾಲು ಹಾಕಬಹುದಿತ್ತು. ಬರೆದು ಅಳಿಸಿದೆ. ಓದಿದವರು ಹೇಳಲಿ ಎಂದು ಹಟಕ್ಕೆ ಬಿದ್ದೆ. ಫೆಬ್ರವರಿ ಹೋಯಿತು, ಹೋಳಿ ಹೋಯಿತು. ಸ್ಕೂಟರಿನ ಸೀಟು ಮಧ್ಯಾಹ್ನ ಕೂರಲಾಗದಷ್ಟು ಕಾಯತೊಡಗಿತು. ಫೋನು ಬಂದಾಗಲೆಲ್ಲ ಇದೇ ಇರಬಹುದೇ ಎಂದು ನೋಡುತ್ತಿದ್ದೆ. ಕೊರಿಯರಿನವರದೋ, ಸಾಲ ಬೇಕೇ ಎನ್ನುವವರದೋ ಇರುತ್ತಿತ್ತು.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ, ವಟ್ವಾದ ಕಾರ್ಖಾನೆಯೊಂದರ ಗೇಟಿನ ಮುಂದೆ ನಿಂತಿದ್ದಾಗ ಫೋನು ಬಂತು.

“ತಂಗಿ, ನಾ ಅನಸವ್ವ, ಬರೋಡಾದಿಂದ. ಸೂರತ್ತಿನ್ಯಾಗ ಕಂಡಿದ್ದೆ.”

“ಹೇಳ್ರಿ ಅನಸಕ್ಕ.”

“ನಿಮ್ಮ ಪುಸ್ತಕ ಅರವತ್ನಾಕ ಆದಮ್ಯಾಲ ತೊಂಬತ್ತೇಳಕ್ಕ ಹೊಂಟೈತಿ. ನಡುವ ಕಣ್ಣ ನೋವಾಗಿ ಎರಡ ತಿಂಗಳ ಓದೂದ ಬಿಟ್ಟಿದ್ದೆ, ಮೊದಲ ನಾನ ಹಾಳಿ ತಪ್ಪಿ ತಿರಿವೀನಿ ಅನಕೊಂಡೆ. ಎರಡ ದಿವಸ ಹುಡಿಕಿದ ಮ್ಯಾಲ ಹಿಂದ ಸಿಕ್ತು.”

ನಾನು ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತೆ.

“ಸಿಟ್ಟ ಮಾಡಬ್ಯಾಡಬೇ. ಹೊಲಿಗಿ ಬಿಚ್ಚಿ, ತಿರುಗಿ ಜೋಡ್ಸಿ ಹೊಲದೇನಿ.”

ಆ ಭಾನುವಾರ ರೈಲಿನಲ್ಲಿ ಬರೋಡಾಕ್ಕೆ ಹೋದೆ. ರೈಲ್ವೆ ಹಳಿಯ ಕಡೆ ಮುಖ ಮಾಡಿದ ಎರಡು ಕೋಣೆಯ ಮನೆ. ಗಾರ್ಡ್ ಸಾಹೇಬರು ನಮಸ್ಕಾರ ಹೇಳಿ ಟೀವಿ ಸಣ್ಣದು ಮಾಡಿದರು. ಮಂಚದ ತುಂಬ ಅರ್ಧ ಹೊಲಿದ ಕೌದಿ ಹರವಿತ್ತು, ಹಳೆಯ ಸೀರೆಗಳ ತುಂಡು ಜೋಡಿಸಿದ್ದು. ಅದರ ಮೇಲಿಂದಲೇ ಪುಸ್ತಕ ಎತ್ತಿ ಕೊಟ್ಟರು. ಬೆನ್ನಿನುದ್ದಕ್ಕೂ ಕೌದಿಯ ಕೆಂಪು ದಾರ, ಒತ್ತೊತ್ತಾದ ಹೊಲಿಗೆ. ಅಂಚು ಸರಿಯಾಗಿ ಕೂಡಿರಲಿಲ್ಲ, ಎರಡು ಫಾರಂ ಸ್ವಲ್ಪ ಮುಂದೆ ಬಂದಿದ್ದವು. ತಿರುವಿದೆ. ಅರವತ್ತನಾಲ್ಕು, ಅರವತ್ತೈದು, ಅರವತ್ತಾರು. ಇಡೀ ಜಗತ್ತಿನಲ್ಲಿ ಸರಿಯಾಗಿದ್ದ ಒಂದೇ ಪ್ರತಿ.

ಅನಸಕ್ಕ ಎದುರು ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು.

“ಆ ಹುಡುಗಿ ಚಹಾ ಮಾಡಾಕ ಹ್ವಾದ್ಲಲ್ಲ, ಅದನ್ನ ಓದಿ ಎರಡ ದಿವಸ ಮುಂದ ಓದಲಿಲ್ಲ ನಾ,” ಎಂದರು. “ನಿಮ್ಮಕ್ಕ ಹೌದಲ್ಲ?”

“ಹೌದ್ರಿ.”

“ನೀವ ಕೂಗಿದ್ದಕ್ಕ ಹೋದ್ಲು ಅಂತ ಬರದೀರಿ.”

“ಹೌದು.”

ಅವರು ದಾರದ ತುದಿ ಹಲ್ಲಿನಲ್ಲಿ ಕಡಿದು ಗಂಟು ಹಾಕಿದರು. “ಮತ್ತ ಕಟ್ಟಿ ಮ್ಯಾಲ ಎರಡ ಕಪ್ಪ ಇದ್ದೂ ಅಂತ ಕಡೀಕ ಬರದೀರಿ. ಎರಡ ಯಾಕ? ಮನ್ಯಾಗ ನೀವಿಬ್ರ.”

ನಾನು ಆ ಪಟ್ಟಿಯ ಪುಟಕ್ಕೆ ತಿರುವಿದೆ.

“ಆಕೀಗೂ ಬೇಕಾಗಿತ್ತಬೇ ಚಹಾ. ನೀವ ಕೂಗದಿದ್ರೂ ಆಕಿ ಏಳಾಕಿನ.”

ಮೂವತ್ತೈದು ವರ್ಷ ಆ ಅಡಿಗೆಮನೆಯಲ್ಲಿ ನಾನು ನಿಂತಿದ್ದೇನೆ. ಗಡಿಯಾರ, ಕೊಡ, ಕಪ್ಪು, ಚಪ್ಪಲಿ, ಎಲ್ಲವನ್ನೂ ಕಂಡಿದ್ದೇನೆ, ಪಟ್ಟಿ ಮಾಡಿದ್ದೇನೆ, ಮೂರು ಸಲ ಕರಡು ತಿದ್ದಿದ್ದೇನೆ. ಎರಡು ಕಪ್ಪು ಎಂದು ನನ್ನ ಕೈಯಾರೆ ಬರೆದು, ಎರಡು ಯಾಕೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ದಿನಕ್ಕೆ ಒಂದು ಹಾಳೆ, ಬೆರಳಿಟ್ಟು ಓದಿದವರಿಗೆ ಅದು ಕಂಡಿತ್ತು. ಅವರ ಮುಂದೆಯೇ ಅತ್ತೆ. ಗಾರ್ಡ್ ಸಾಹೇಬರು ಎದ್ದು ಬಾಲ್ಕನಿಗೆ ಹೋದರು. ಅನಸಕ್ಕ ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ, ಒಳಗೆ ಹೋಗಿ ಚಹಾಕ್ಕಿಟ್ಟರು. ಒಲೆ ಹೊತ್ತುವ ಸದ್ದು ನನಗೆ ಕೇಳಿಸಿತು.

ಎರಡು ಕಪ್ಪು ತಂದು ನಡುವೆ ಇಟ್ಟರು. ಬೇಡವೆನ್ನಲು ಬಾಯಿ ತೆರೆದವಳು ಕಪ್ಪು ಎತ್ತಿಕೊಂಡೆ. ಬಸಿಗೆ ಸುರಿದುಕೊಂಡು ಅರ್ಧ ಕುಡಿದೆ. ಬೆಲ್ಲದ ಚಹಾ, ಶುಂಠಿ ಜಾಸ್ತಿ. ಉಳಿದರ್ಧ ಇಳಿಯಲಿಲ್ಲ. ಅವರೂ ಒತ್ತಾಯ ಮಾಡಲಿಲ್ಲ.

ಹೊರಡುವಾಗ ಕೇಳಿದೆ. “ಅನಸಕ್ಕ, ಈ ಪ್ರತಿ ನನಗ ಕೊಡ್ರಿ. ನಿಮಗ ಬೇರೆ ಕಳಸ್ತೀನಿ.”

ಅವರು ಪುಸ್ತಕ ನನ್ನ ಕೈಯಿಂದ ತೆಗೆದುಕೊಂಡು ಕೌದಿಯ ಕೆಳಗೆ ಇಟ್ಟರು.

“ಕೊಡಂಗಿಲ್ಲಬೇ,” ಎಂದರು. “ನಂದ ಇನ್ನಾ ಓದೂದು ಮುಗದಿಲ್ಲ.”